ಅಂಗಿಗೆ ವಿಶ್ರಾಂತಿಯೋ, ಸಂಖ್ಯೆಗೆ ವಿಶ್ರಾಂತಿಯೋ?



ನೇರಪ್ರಸಾರದ ಮಾತುಕತೆಯಲ್ಲಿ ಗಡಿಯಾರವೇ ಯಜಮಾನ. ಗ್ರಾಮೀಣ ಕ್ರೀಡೆಗಳನ್ನು ಕುರಿತ ನಮ್ಮ ಕಾರ್ಯಕ್ರಮ ಮುಗಿಯಲು ಎರಡೇ ನಿಮಿಷ ಉಳಿದಿತ್ತು. ಆಗ ಮದ್ದೂರು ತಾಲ್ಲೂಕಿನ ಬೆಸಗರಹಳ್ಳಿಯಿಂದ ಒಂದು ದೂರವಾಣಿ ಕರೆ ಬಂತು. ಮಾತನಾಡಿದವರು ಹಿರಿಯರು. "ಸ್ವಾಮಿ, ನಮ್ ಹುಡುಗ್ರ ಕಾಲೇಜ್ ಕಬಡ್ಡಿ ಟೀಮಲ್ಲಿ ಒಂಬತ್ತನೇ ನಂಬರ್ ಹಾಕ್ಕೊಂಡು ಆಡ್ತಿದ್ದ ಹುಡ್ಗ ಹೋದ್ವರ್ಷ ತೀರ್ಕೊಂಬುಟ್ಟ. ಆ ನಂಬರ್‌ನ ಇನ್ಯಾರ್ಗೂ ಕೊಡಬಾರ್ದು ಅಂತಾರೆ ಅವನ ಜೊತೆಗಾರ್ರು. ನಂಗೇ ಕೊಡಿ ಅಂತಾನೆ ಅವನ ತಮ್ಮ. ಏನ್ ಮಾಡ್ಬೇಕು ಹೇಳಿ" ಎಂದರು. ಅತಿಥಿಗಳು ಉತ್ತರಿಸುವಷ್ಟರಲ್ಲಿ ಸಮಯ ಮುಗಿದು ಮುಕ್ತಾಯದ ಸಂಗೀತ ಕೇಳಿಸಿತು. ಉತ್ತರದ ಸಾಲ ನಿರ್ಮಾಪಕನ ತಲೆಯ ಮೇಲೆ ಉಳಿಯಿತು. ಈ ಪುಟಗಳು ಆ ಸಾಲದ ತೀರುವಳಿ.

ಕೇಳುವುದಕ್ಕೆ ಸಣ್ಣ ಪ್ರಶ್ನೆ. ಆದರೆ ಇದೇ ಪ್ರಶ್ನೆಯನ್ನು ಜಗತ್ತಿನ ದೊಡ್ಡ ದೊಡ್ಡ ಕ್ರೀಡಾಸಂಸ್ಥೆಗಳು ತೊಂಬತ್ತು ವರ್ಷಗಳಿಂದ ಕೇಳಿಕೊಳ್ಳುತ್ತಾ ಬಂದಿವೆ, ಒಂದೊಂದು ಸಂಸ್ಥೆ ಒಂದೊಂದು ಉತ್ತರ ಕೊಟ್ಟುಕೊಂಡಿದೆ ಎಂದರೆ ನಿಮಗೆ ಆಶ್ಚರ್ಯವಾಗಬಹುದು.

ಬೆನ್ನ ಮೇಲೆ ಸಂಖ್ಯೆ ಬಂದದ್ದು

ಮೊದಮೊದಲು ಆಟಗಾರರ ಅಂಗಿಯ ಮೇಲಿನ ಸಂಖ್ಯೆ ಯಾರ ಸ್ವತ್ತೂ ಆಗಿರಲಿಲ್ಲ. ದೂರದಲ್ಲಿ ಕುಳಿತ ಪ್ರೇಕ್ಷಕನಿಗೆ, ಅಂಕ ಬರೆಯುವವನಿಗೆ ಗುರುತು ಹತ್ತಲಿ ಎಂಬುದಷ್ಟೇ ಅದರ ಉದ್ದೇಶ. ಇಂಗ್ಲೆಂಡಿನ ಲೀಗ್ ಫುಟ್‌ಬಾಲ್‌ನಲ್ಲಿ ಆರ್ಸೆನಲ್ ಮತ್ತು ಚೆಲ್ಸಿ ತಂಡಗಳು 1928ರ ಆಗಸ್ಟ್‌ನಲ್ಲಿ ಸಂಖ್ಯೆ ತೊಟ್ಟು ಆಡಿದವು. ಮರುವರ್ಷ ಅಮೆರಿಕದ ನ್ಯೂಯಾರ್ಕ್ ಯಾಂಕೀಸ್ ಬೇಸ್‌ಬಾಲ್ ತಂಡ ತನ್ನ ಆಟಗಾರರಿಗೆ ಬ್ಯಾಟಿಂಗ್ ಸರದಿಯ ಪ್ರಕಾರ ಸಂಖ್ಯೆ ಹಂಚಿತು. ಮೂರನೆಯವನಾಗಿ ಬರುತ್ತಿದ್ದ ಬೇಬ್ ರೂತ್‌ಗೆ 3, ನಾಲ್ಕನೆಯವನಾಗಿ ಬರುತ್ತಿದ್ದ ಲೂ ಗೆರಿಗ್‌ಗೆ 4. ಅಂದರೆ ಸಂಖ್ಯೆ ಎಂಬುದು ಸಾಲಿನಲ್ಲಿ ಒಂದು ಜಾಗ, ಅಷ್ಟೇ. ಕ್ರಿಕೆಟ್ ವಿಶ್ವಕಪ್ಪಿಗೆ ಸಂಖ್ಯೆಗಳು ಬಂದದ್ದು 1999ರಲ್ಲಿ. ಟೆಸ್ಟ್ ಆಟದ ಬಿಳಿಯ ಅಂಗಿಯ ಮೇಲೆ ಬಂದದ್ದಂತೂ 2019ರಲ್ಲಿ.

ಆದರೆ ಒಬ್ಬನೇ ಆಟಗಾರ ವರ್ಷಗಟ್ಟಲೆ ಒಂದೇ ಸಂಖ್ಯೆ ತೊಟ್ಟಾಗ ಜನರ ಮನಸ್ಸಿನಲ್ಲಿ ಆ ಸಂಖ್ಯೆ ಅವನ ಹೆಸರೇ ಆಗಿಬಿಡುತ್ತದೆ. ತೊಡಕು ಶುರುವಾದದ್ದು ಅಲ್ಲಿಂದ.

ಮೊದಲ ನಿವೃತ್ತಿಯ ಕಥೆ

ವೃತ್ತಿಪರ ತಂಡವೊಂದು ಸಂಖ್ಯೆಗೆ ನಿವೃತ್ತಿ ಕೊಟ್ಟ ಮೊದಲ ಪ್ರಸಂಗವೆಂದು ಹೇಳಲಾಗುವುದು ಕೆನಡಾದ ಐಸ್ ಹಾಕಿಯದು. ಟೊರಾಂಟೊ ಮೇಪಲ್ ಲೀಫ್ಸ್ ತಂಡದ ಏಸ್ ಬೈಲಿ ಎಂಬ ಆಟಗಾರ 1933ರ ಡಿಸೆಂಬರ್‌ನಲ್ಲಿ ಬಾಸ್ಟನ್ನಿನಲ್ಲಿ ಆಡುತ್ತಿದ್ದಾಗ, ಎದುರಾಳಿ ಎಡ್ಡಿ ಶೋರ್ ಹಿಂದಿನಿಂದ ಡಿಕ್ಕಿ ಹೊಡೆದ. ಬೈಲಿಯ ತಲೆ ಮಂಜುಗಡ್ಡೆಗೆ ಬಡಿದು ಬುರುಡೆ ಬಿರುಕು ಬಿಟ್ಟಿತು. ಜೀವ ಉಳಿಯಿತು, ಆಟ ಮುಗಿಯಿತು. 1934ರ ಫೆಬ್ರವರಿ 14ರಂದು ಅವನ ಸಹಾಯಾರ್ಥ ಪಂದ್ಯವೊಂದನ್ನು ಏರ್ಪಡಿಸಿದರು. ಅಂದು ಬೈಲಿ ತನ್ನನ್ನು ಕೆಡವಿದ ಶೋರ್‌ನ ಕೈಕುಲುಕಿದ. ಅವನ 6ನೇ ಸಂಖ್ಯೆಯನ್ನು ಇನ್ನು ಯಾರಿಗೂ ಕೊಡುವುದಿಲ್ಲವೆಂದು ತಂಡ ಸಾರಿತು.

ಕಥೆ ಇಲ್ಲಿಗೆ ಮುಗಿಯಿತೆಂದುಕೊಳ್ಳಬೇಡಿ. ಮೂವತ್ತನಾಲ್ಕು ವರ್ಷ ಕಳೆದ ಮೇಲೆ, 1968ರಲ್ಲಿ, ಮುಪ್ಪಿನ ಹೊಸ್ತಿಲಲ್ಲಿದ್ದ ಬೈಲಿ ತಾನಾಗಿಯೇ ಮುಂದೆ ಬಂದು, ತನ್ನ 6ನ್ನು ರಾನ್ ಎಲ್ಲಿಸ್ ಎಂಬ ಯುವಕನಿಗೆ ಕೊಡಿ ಎಂದು ಕೇಳಿಕೊಂಡ. ಆ ಹುಡುಗನ ಶುದ್ಧವಾದ ಆಟ ಅವನಿಗೆ ಮೆಚ್ಚುಗೆಯಾಗಿತ್ತು. ಎಲ್ಲಿಸ್ ತನ್ನ ಆಟದ ಕೊನೆಯವರೆಗೂ ಅದನ್ನೇ ತೊಟ್ಟ. ಮೊಟ್ಟಮೊದಲು ಬೀಗ ಹಾಕಿಸಿಕೊಂಡ ಸಂಖ್ಯೆಗೆ ಅದರ ಒಡೆಯನೇ ಬೀಗ ತೆಗೆಸಿದ, ನೋಡಿ!

ಕಾಲೇಜುಗಳ ಲೆಕ್ಕಾಚಾರ

ಅಮೆರಿಕದ ಕಾಲೇಜುಗಳಲ್ಲಿ ಈ ಪದ್ಧತಿ ಎರಡು ಕವಲಾಯಿತು. ಒಂದು, ಸಂಖ್ಯೆಗೇ ನಿವೃತ್ತಿ: ಆ ಅಂಕಿಯನ್ನು ಮುಂದೆ ಯಾರೂ ತೊಡುವಂತಿಲ್ಲ. ಇಲಿನಾಯ್ ವಿಶ್ವವಿದ್ಯಾಲಯ ತನ್ನ ಫುಟ್‌ಬಾಲ್ ವೀರ ರೆಡ್ ಗ್ರೇಂಜ್‌ನ 77ಕ್ಕೆ ಮಾಡಿದ್ದು ಇದನ್ನೇ. ಇನ್ನೊಂದು, ಅಂಗಿಗೆ ಮಾತ್ರ ನಿವೃತ್ತಿ: ಆಟಗಾರನ ಹೆಸರು ಮತ್ತು ಸಂಖ್ಯೆ ಇರುವ ಅಂಗಿಯನ್ನೋ ಪತಾಕೆಯನ್ನೋ ಕ್ರೀಡಾಂಗಣದ ಮಾಡಿಗೆ ತೂಗುಹಾಕುತ್ತಾರೆ, ಸಂಖ್ಯೆ ಮಾತ್ರ ಚಾಲ್ತಿಯಲ್ಲೇ ಇರುತ್ತದೆ. ಕೆಂಟಕಿ ವಿಶ್ವವಿದ್ಯಾಲಯದ ಬಾಸ್ಕೆಟ್‌ಬಾಲ್ ತಂಡದ ರೂಢಿ ಇದು. ಉತ್ತರ ಕೆರೊಲಿನಾ ವಿಶ್ವವಿದ್ಯಾಲಯ ಎರಡನ್ನೂ ಇಟ್ಟುಕೊಂಡಿದೆ: ಅತ್ಯುನ್ನತ ಸಾಧಕರ ಸಂಖ್ಯೆಗೆ ನಿವೃತ್ತಿ, ಉಳಿದ ಹಿರಿಯರ ಅಂಗಿಗೆ ಗೌರವ. ಮೈಕೆಲ್ ಜೋರ್ಡನ್‌ನ 23 ಮೊದಲ ಸಾಲಿನಲ್ಲಿದೆ.

ಎರಡನೆಯ ದಾರಿ ಹುಟ್ಟಿದ್ದೇಕೆ? ವಿಜ್ಞಾನ ಓದಿದ ನನಗೆ ಇಲ್ಲಿ ಸ್ವಲ್ಪ ಲೆಕ್ಕ ಮಾಡುವ ಆಸೆ, ಸಹಿಸಿಕೊಳ್ಳಿ. ಅಲ್ಲಿಯ ಕಾಲೇಜು ಬಾಸ್ಕೆಟ್‌ಬಾಲ್‌ನಲ್ಲಿ ತೀರ್ಪುಗಾರರು ತಪ್ಪು ಮಾಡಿದ ಆಟಗಾರನ ಸಂಖ್ಯೆಯನ್ನು ಕೈಬೆರಳುಗಳಿಂದ ತೋರಿಸುತ್ತಾರೆ. ಒಂದು ಕೈಗೆ ಐದೇ ಬೆರಳು. ಆದ್ದರಿಂದ 6, 7, 8, 9 ಎಂಬ ಅಂಕಿಗಳಿಗೆ ದೀರ್ಘಕಾಲ ಪ್ರವೇಶವೇ ಇರಲಿಲ್ಲ. ಆ ನಿಯಮ ಸಡಿಲವಾದದ್ದು 2023-24ರ ಋತುವಿನಲ್ಲಿ. ಅಲ್ಲಿಯವರೆಗೆ ಒಂದು ತಂಡಕ್ಕೆ ಸಿಗುತ್ತಿದ್ದುದು 36 ಸಂಖ್ಯೆಗಳು. ತಂಡದಲ್ಲಿ ಹದಿನೈದು ಮಂದಿ ಇದ್ದರೆ ಮಿಗುವುದು 21. ಎರಡು ವರ್ಷಕ್ಕೊಬ್ಬ ವೀರನ ಸಂಖ್ಯೆಯನ್ನು ಎತ್ತಿಟ್ಟರೆ ನಲವತ್ತೆರಡು ವರ್ಷಕ್ಕೆ ಉಗ್ರಾಣ ಬರಿದು! ಆಮೇಲೆ ಬರುವ ಹುಡುಗನಿಗೆ ತೊಡಲು ಅಂಕಿಯೇ ಇಲ್ಲ.

ನಮ್ಮ ಕಬಡ್ಡಿಗೂ ಈ ಲೆಕ್ಕ ಸಲ್ಲುತ್ತದೆ. ಅಂಕಣದಲ್ಲಿ ಏಳು ಜನ, ಒಟ್ಟು ತಂಡ ಹನ್ನೆರಡು. ಕಾಲೇಜಿಗೆ ಇರುವುದು ಸಾಮಾನ್ಯವಾಗಿ ಒಂದೇ ಜೊತೆ ಅಂಗಿ. ನಾನು ಕಾಲೇಜಿನಲ್ಲಿ ತೊಟ್ಟದ್ದು 5. ದೈಹಿಕ ಶಿಕ್ಷಣದ ಮೇಷ್ಟರು ಬೀರುವಿನಿಂದ ತೆಗೆದುಕೊಟ್ಟಾಗಲೇ ಅದರ ಕಂಕುಳಲ್ಲಿ ಒಂದು ತೇಪೆಯಿತ್ತು. ವರ್ಷದ ಕೊನೆಯಲ್ಲಿ ಒಗೆದು, ಮಡಿಸಿ ವಾಪಸು ಕೊಟ್ಟೆ. ಆ ತೇಪೆ ಯಾರ ಆಟದಲ್ಲಿ ಹರಿದದ್ದು ಎಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಇಂದಿಗೂ ಅದು ನನಗೆ ಚುಚ್ಚುತ್ತದೆ.

ನಮ್ಮ ದೇಶದಲ್ಲಿ

ಭಾರತದಲ್ಲಿ ಈ ಚರ್ಚೆಗೆ ಕಾವು ಬಂದದ್ದು 2017ರಲ್ಲಿ. ಶಾರ್ದೂಲ್ ಠಾಕೂರ್ ಕೊಲಂಬೊದಲ್ಲಿ ತಮ್ಮ ಮೊದಲ ಏಕದಿನ ಪಂದ್ಯವನ್ನು 10ನೇ ಅಂಗಿಯಲ್ಲಿ ಆಡಿದಾಗ ತೆಂಡೂಲ್ಕರ್ ಅಭಿಮಾನಿಗಳು ಕೆರಳಿದರು. ಠಾಕೂರ್ ಆಮೇಲೆ 54ಕ್ಕೆ ಬದಲಾದರು. ಧೋನಿಯವರ 7 ಕೂಡ ಇನ್ನು ಯಾರಿಗೂ ಇಲ್ಲವೆಂದು 2023ರ ಡಿಸೆಂಬರ್‌ನಲ್ಲಿ ಪತ್ರಿಕೆಗಳು ವರದಿ ಮಾಡಿದವು. ನಮ್ಮ ಬೆಂಗಳೂರಿನಲ್ಲೇ, 2023ರ ಮಾರ್ಚ್‌ನಲ್ಲಿ, ರಾಯಲ್ ಚಾಲೆಂಜರ್ಸ್ ತಂಡ ಡಿವಿಲಿಯರ್ಸ್ ಅವರ 17 ಮತ್ತು ಗೇಲ್ ಅವರ 333ಕ್ಕೆ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ವಿದಾಯ ಹೇಳಿತು. ಮೂರಂಕಿಯ ಸಂಖ್ಯೆಗೂ ಅವಕಾಶವಿರುವ ಕಡೆ ಎರಡು ಹೋದರೆ ನಷ್ಟವೇನಿಲ್ಲ ಬಿಡಿ.

ನನಗೆ ಹೆಚ್ಚು ಹಿಡಿಸಿದ್ದು ಹಾಕಿ ಇಂಡಿಯಾದ ತೀರ್ಮಾನ. 2024ರ ಪ್ಯಾರಿಸ್ ಒಲಿಂಪಿಕ್ಸ್ ಕಂಚಿನ ಪದಕದೊಂದಿಗೆ ಗೋಲ್‌ಕೀಪರ್ ಶ್ರೀಜೇಶ್ ನಿವೃತ್ತರಾದಾಗ ಅವರ 16ನ್ನು ಹಿರಿಯರ ತಂಡದಿಂದ ಎತ್ತಿಟ್ಟರು. ಆದರೆ ಕಿರಿಯರ ತಂಡದಲ್ಲಿ ಅದನ್ನು ಉಳಿಸಿದರು. ಅಲ್ಲಿ ಇನ್ನೊಬ್ಬ ಶ್ರೀಜೇಶ್ ಬೆಳೆಯಲಿ ಎಂಬುದು ಅವರ ಆಶಯ. ಇಟಲಿಯ ಎ.ಸಿ. ಮಿಲಾನ್ ಫುಟ್‌ಬಾಲ್ ತಂಡವೂ ಪಾವ್ಲೊ ಮಾಲ್ಡೀನಿಯ 3ಕ್ಕೆ ನಿವೃತ್ತಿ ಕೊಟ್ಟು, ಅವನ ಮಕ್ಕಳು ಅದೇ ತಂಡಕ್ಕೆ ಆಡಿದರೆ ತೊಡಬಹುದೆಂದು ಬಾಗಿಲು ತೆರೆದಿಟ್ಟಿತು.

ಇದು ನಮಗೆ ಹೊಸದಲ್ಲ. ನಮ್ಮ ಮನೆಗಳಲ್ಲಿ ತಾತನ ಹೆಸರನ್ನು ಮೊಮ್ಮಗನಿಗೆ ಇಡುವುದಿಲ್ಲವೇ? ತಾತ ದೊಡ್ಡವನು, ಆದ್ದರಿಂದ ಅವನ ಹೆಸರನ್ನು ಯಾರೂ ಇಟ್ಟುಕೊಳ್ಳಬಾರದು ಎಂದು ನಾವು ಹೇಳುವುದಿಲ್ಲ. ದೊಡ್ಡವನಾದ್ದರಿಂದಲೇ ಇಡುತ್ತೇವೆ. ಬೆಸಗರಹಳ್ಳಿಯವರಿಗೆ ಇದನ್ನು ನಾನು ಹೇಳಬೇಕೇ? ವೈದ್ಯರೂ ಕಥೆಗಾರರೂ ಆಗಿದ್ದ ಡಾ. ಬೆಸಗರಹಳ್ಳಿ ರಾಮಣ್ಣನವರು ತೀರಿಕೊಂಡದ್ದು 1998ರಲ್ಲಿ. ಅವರ ಹೆಸರಿನ ಪ್ರಶಸ್ತಿಯನ್ನು ನಂತರದ ಕಥೆಗಾರರು ಪಡೆಯುತ್ತಾ ಬಂದಿದ್ದಾರೆ. ಹೆಸರು ಪೆಟ್ಟಿಗೆ ಸೇರಲಿಲ್ಲ, ಕೈಯಿಂದ ಕೈಗೆ ದಾಟಿತು.

ಹಾಗೆಂದು ಜೊತೆಗಾರರ ನೋವು ಸುಳ್ಳಲ್ಲ. ಆಸ್ಟ್ರೇಲಿಯದ ಫಿಲಿಪ್ ಹ್ಯೂಸ್ 2014ರ ನವೆಂಬರ್‌ನಲ್ಲಿ ಆಟದಲ್ಲೇ ಚೆಂಡು ತಗುಲಿ ತೀರಿಕೊಂಡಾಗ ಅವರ ಏಕದಿನ ಅಂಗಿಯ 64ನ್ನು ಅಲ್ಲಿಯ ಮಂಡಳಿ ಎತ್ತಿಟ್ಟಿತು. ನಾಯಕ ಮೈಕೆಲ್ ಕ್ಲಾರ್ಕ್ ಕೇಳಿಕೊಂಡದ್ದೇ ಹಾಗೆ. ನಿನ್ನೆಯವರೆಗೆ ಪಕ್ಕದಲ್ಲಿ ಕೈಹಿಡಿದು ಸರಪಳಿ ಕಟ್ಟಿದ ಗೆಳೆಯನ ಸಂಖ್ಯೆ ಇನ್ನೊಬ್ಬನ ಎದೆಯ ಮೇಲೆ ಕಂಡರೆ ಕರುಳು ಚುರ್ ಎನ್ನದಿರುತ್ತದೆಯೇ?

ಬೆಸಗರಹಳ್ಳಿಯ ಹಿರಿಯರೆ, ಅಂದು ಹೇಳಲಾಗದ ಉತ್ತರವನ್ನು ಈಗ ಹೇಳುತ್ತೇನೆ. ಒಪ್ಪುವುದು ಬಿಡುವುದು ನಿಮ್ಮ ಹುಡುಗರಿಗೆ ಸೇರಿದ್ದು. ಅವನು ಆಡಿದ ಅಂಗಿಯನ್ನು ಬೀರುವಿಗೆ ವಾಪಸು ಹಾಕಬೇಡಿ. ಕಾಲೇಜಿನವರನ್ನು ಕೇಳಿ, ಗಾಜಿನ ಕಟ್ಟು ಹಾಕಿಸಿ, ಹೆಸರು, ಇಸವಿ ಬರೆಸಿ, ಎಲ್ಲರಿಗೂ ಕಾಣುವಲ್ಲಿ ತೂಗುಹಾಕಿ. ಆ ಬಟ್ಟೆ ಅವನದು. ಅದಕ್ಕೆ ನಿವೃತ್ತಿ ಇರಲಿ. ಅವನ ಜೊತೆಯಲ್ಲಿ ಆಡಿದವರು ಕಾಲೇಜು ಬಿಡುವವರೆಗೆ ಒಂಬತ್ತು ಖಾಲಿಯೇ ಇರಲಿ. ತಮ್ಮನಿಗೆ ಅಷ್ಟು ತಾಳ್ಮೆ ಇರಲು ಹೇಳಿ.

ಆಮೇಲೆ ಒಂದು ಸಂಜೆ, ಊರಿನ ಹೊನಲು ಬೆಳಕಿನ ಪಂದ್ಯ ಶುರುವಾಗುವ ಮೊದಲು, ಆ ಜೊತೆಗಾರರನ್ನೇ ಕರೆಸಿ. ಹೊಸ ಅಂಗಿಯೊಂದರ ಮೇಲೆ ಒಂಬತ್ತು ಬರೆಸಿ ಅವರ ಕೈಯಿಂದಲೇ ತಮ್ಮನಿಗೆ ತೊಡಿಸಿ. ಕೊಡುವಾಗ ಇದು ಯಾರದಾಗಿತ್ತು, ಅವನು ಹೇಗೆ ಆಡುತ್ತಿದ್ದ ಎಂದು ನಾಲ್ಕು ಮಾತು ಹೇಳಿ. ತಮ್ಮನ ನಂತರ ಬರುವವನಿಗೂ ಹೇಳಿ. ನನ್ನ ಮೇಷ್ಟರು ನನಗೆ ಹೇಳದೆ ಉಳಿಸಿದ್ದು ಆ ನಾಲ್ಕು ಮಾತುಗಳನ್ನೇ.