ಬೆಟ್ಟದಂಚು ಮತ್ತು ಮನೆಯ ಬಾಗಿಲು

ಮತ ಬೇರೆಯಾದಲ್ಲಿ ಪ್ರೀತಿ, ಸ್ನೇಹಗಳು ಉಳಿಯುವುವೇ? ಜನಪ್ರಿಯ ಚಲನಚಿತ್ರಗಳು ಈ ಪ್ರಶ್ನೆಗೆ ಅನೇಕ ವೇಳೆ ಸಾವನ್ನೇ ಉತ್ತರವಾಗಿ ನೀಡುತ್ತವೆ. ತ.ರಾ.ಸು. ಅವರ ಕಾದಂಬರಿಗಳನ್ನು ಆಧರಿಸಿ ಪುಟ್ಟಣ್ಣ ಕಣಗಾಲರು 1972ರಲ್ಲಿ ತೆರೆಗೆ ತಂದ ‘ನಾಗರಹಾವು’ ಇದಕ್ಕೆ ಪ್ರಸಿದ್ಧ ನಿದರ್ಶನ. ಬ್ರಾಹ್ಮಣರ ಮನೆಯ ರಾಮಾಚಾರಿ, ಕ್ರೈಸ್ತ ಮನೆತನದ ಮಾರ್ಗರೇಟ್ ಇಬ್ಬರೂ ಕೊನೆಗೆ ಚಿತ್ರದುರ್ಗದ ಬೆಟ್ಟದಂಚಿನಿಂದ ಧುಮುಕುತ್ತಾರೆ. ಕೆಂಪಾಪುರದ ನಮ್ಮ ಮನೆಗಳಲ್ಲಿಯೂ ದೂರದರ್ಶನದಲ್ಲಿ ಆ ದೃಶ್ಯವನ್ನು ಕಂಡು ಕಣ್ಣೊರೆಸಿಕೊಂಡವರಿದ್ದಾರೆ.

ಆದರೆ ಬದುಕು ಚಿತ್ರದಂತೆ ಮೂರು ಗಂಟೆಗಳಲ್ಲಿ ಮುಗಿಯುವುದಿಲ್ಲ. ಮತ ಬದಲಾದ ಮರುದಿನವೂ ಅದೇ ಊರು, ಅದೇ ಬೀದಿ, ಅದೇ ನೆರೆಹೊರೆ. ನಮ್ಮ ನಾಡಿನ ಸಭಾ ಚರಿತ್ರೆಯಲ್ಲಿ ಇದನ್ನು ಅನುಭವಿಸಿದವರಲ್ಲಿ ಒಬ್ಬರು ಮಂಗಳೂರಿನ ಆನಂದರಾವ್ ಕೌಂಡಿನ್ಯ.

ಸಾರಸ್ವತ ಬ್ರಾಹ್ಮಣರಾದ ಆನಂದರಾಯರು ಬಾಸೆಲ್ ಮಿಷನ್ನಿನ ಶಾಲೆಯಲ್ಲಿ ಹರ್ಮನ್ ಮೋಗ್ಲಿಂಗರ ಶಿಷ್ಯರಾಗಿದ್ದರು. 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದ ಮೋಗ್ಲಿಂಗರೇ ಇವರು. 1844ರ ಜನವರಿ 6ರಂದು ಆನಂದರಾಯರು ಇನ್ನಿಬ್ಬರು ಗೆಳೆಯರೊಡನೆ ದೀಕ್ಷಾಸ್ನಾನ ಪಡೆದರು. ತಮ್ಮ ಗುರುವಿನ ಹೆಸರನ್ನೇ ಧರಿಸಿ ಹರ್ಮನ್ ಆನಂದರಾವ್ ಕೌಂಡಿನ್ಯರೆನಿಸಿದರು. ಪಟ್ಟಣದಲ್ಲಿ ಕೋಲಾಹಲವೆದ್ದಿತು. 1846ರಲ್ಲಿ ಗುರುವಿನೊಡನೆ ಯೂರೋಪಿಗೆ ತೆರಳಿದ ಅವರು ಬಾಸೆಲಿನಲ್ಲಿ ದೇವಶಾಸ್ತ್ರವನ್ನು ಅಭ್ಯಸಿಸಿ, 1851ರಲ್ಲಿ ಗುರುದೀಕ್ಷೆ ಪಡೆದು ಸ್ವದೇಶಕ್ಕೆ ಮರಳಿದರು. ಮುಂದೆ ಕೊಡಗಿನಲ್ಲಿ ಬಡ ದಲಿತ ಕುಟುಂಬಗಳಿಗಾಗಿ ಗುರುಶಿಷ್ಯರು ಕೂಡಿ ದುಡಿದರು. ಅಲ್ಲಿ ನೆಲೆಗೊಂಡ ಊರು ಆನಂದಪುರವೆನಿಸಿತು. ಒಂದು ಸ್ನೇಹ ಹೀಗೆ ಫಲಿಸಿತು.

ಆದರೆ ಈ ಕಥೆಯಲ್ಲಿ ಇನ್ನೊಬ್ಬರಿದ್ದಾರೆ. ಆನಂದರಾಯರ ಪತ್ನಿ ಲಕ್ಷ್ಮಿ ಗಂಡನನ್ನು ಹಿಂಬಾಲಿಸದೆ ಹಿಂದೂ ಬಂಧುಗಳ ನಡುವೆಯೇ ಉಳಿದರು. ವರ್ಷಗಳು ಕಳೆದ ಮೇಲೆ, 1860ರಲ್ಲಿ, ಆನಂದರಾಯರು ಜರ್ಮನಿಯ ಮೇರಿ ರೈನ್‌ಹಾರ್ಟ್‌ರನ್ನು ವಿವಾಹವಾದರು. ಮತಾಂತರ ಹೊಂದಿದವನು ಪಿತ್ರಾರ್ಜಿತ ಆಸ್ತಿಯ ಹಕ್ಕನ್ನು ಕಳೆದುಕೊಳ್ಳಬಾರದೆಂದು 1850ರಲ್ಲೇ ಕಾನೂನು ಬಂದಿತ್ತು. ಆಸ್ತಿಯನ್ನು ಕಾಯುವ ಶಾಸನವುಂಟು. ಒಡೆದ ಮನಸ್ಸನ್ನು ಕೂಡಿಸುವ ಶಾಸನವೆಲ್ಲಿದೆ?

ನಮ್ಮ ಚರಿತ್ರೆಯ ಪುಟಗಳು ದೀಕ್ಷಾಸ್ನಾನ ಹೊಂದಿದವರನ್ನು ಗೌರವದಿಂದ ನೆನೆಯುತ್ತವೆ. ಅದು ಯುಕ್ತವೇ. ಆದರೆ ಹೊಸ್ತಿಲಿನ ಒಳಗೇ ಉಳಿದವರ ದುಃಖವೂ ನಮ್ಮ ಚರಿತ್ರೆಯ ಪಾಲೇ ಅಲ್ಲವೇ? ಕೊರಿಂಥದವರಿಗೆ ಬರೆದ ಮೊದಲ ಪತ್ರದ 7ನೆಯ ಅಧ್ಯಾಯದಲ್ಲಿ ಪೌಲನು, ನಂಬದ ಸಂಗಾತಿಯು ಜೊತೆಗಿರಲು ಒಪ್ಪಿದರೆ ಬಿಡಬಾರದೆಂದೂ, ಅಗಲಿ ಹೋದರೆ ಬಲವಂತ ಸಲ್ಲದೆಂದೂ ತಿಳಿಸುತ್ತಾನೆ. ದೇವರ ಕರೆ ಶಾಂತಿಗಾಗಿ ಎಂದು ನೆನಪಿಸುತ್ತಾನೆ. ಜಯಿಸಿದವರು, ಸೋತವರು ಎಂಬ ಲೆಕ್ಕ ಅಲ್ಲಿಲ್ಲ.

ಇಂದಿಗೂ ನಮ್ಮ ಸಭೆಗಳಲ್ಲಿ ಹೊಸದಾಗಿ ವಿಶ್ವಾಸಕ್ಕೆ ಬಂದವರಿದ್ದಾರೆ. ನಮ್ಮನ್ನು ಬಿಟ್ಟು ಬೇರೆ ಮಾರ್ಗ ಹಿಡಿದವರೂ ಇದ್ದಾರೆ. ಇಬ್ಬರ ಹಿಂದೆಯೂ ಮಾತು ನಿಲ್ಲಿಸಿದ ಒಬ್ಬ ಗೆಳೆಯ, ಕಾದು ಕುಳಿತ ಒಬ್ಬ ತಾಯಿ ಇರಬಹುದು. ಅವರ ಮನೆಯ ಬಾಗಿಲನ್ನು ವಾದದಿಂದ ತೆರೆಯಲಾಗದು. ಮದುವೆಗೆ, ಮರಣಕ್ಕೆ, ಕಾಯಿಲೆಗೆ ಹೋಗಿ ಬರುವ ಕಾಲು ಮಾತ್ರ ಆ ದಾರಿಯನ್ನು ಸವೆಸಬಲ್ಲದು. ನಾವು ಆರಾಧಿಸುವ ಕರ್ತನು ಬಾಗಿಲನ್ನು ಒಡೆಯುವವನಲ್ಲ, ತಟ್ಟಿ ಕಾಯುವವನು.