ಕಾರಿನೊಳಗಿನ ಮಳೆ

ಹಳದಿ ಮಾರ್ಗದ ಮೆಟ್ರೊ ಎಲೆಕ್ಟ್ರಾನಿಕ್ ಸಿಟಿ ದಾಟಿ ಹೆಬ್ಬಗೋಡಿ ಹತ್ತಿರ ಬರುವ ಹೊತ್ತಿಗೆ ಕಿಟಕಿಯಿಂದ ಕೆಳಗೆ ನೋಡಿ. ಹೊಸೂರು ರಸ್ತೆಯಲ್ಲಿ ಸಾಲಾಗಿ ನಿಂತ ಕಾರುಗಳ ನೆತ್ತಿ ಕಾಣುತ್ತೆ. ಕಾರನ್ನ ಮೇಲಿಂದ ನೋಡೋ ಅವಕಾಶ ನಮಗೆ ಸಿಗೋದು ಕಮ್ಮಿ. ಮಳೆಗೆ ಮಾತ್ರ ಕಾರು ಯಾವಾಗಲೂ ಕಾಣೋದು ಹಾಗೇ: ಮೇಲಿಂದ, ಒಂದಷ್ಟು ಸಂದುಗಳ ಲೆಕ್ಕದಲ್ಲಿ. ಸನ್‌ರೂಫಿನ ಸುತ್ತ ಒಂದು ಸಂದು, ಮುಂದಿನ ಗಾಜಿನ ಬುಡದಲ್ಲಿ ಒಂದು, ಬಾಗಿಲಿಗೊಂದು, ಡಿಕ್ಕಿಗೊಂದು.

ಹೊಸ ಕಾರಿನ ಮ್ಯಾಟ್ ಎತ್ತಿದಾಗ ಕೆಳಗೆ ನೀರು ನಿಂತಿದ್ದರೆ ನಾವು ಮೊದಲು ಬೈಯೋದು ಸರ್ವಿಸ್ ಸೆಂಟರಿನ ಹುಡುಗನನ್ನ. ಅವನು ರಬ್ಬರ್ ಬೀಡಿಂಗ್ ಬದಲಾಯಿಸ್ತಾನೆ, ಒಂದಿಷ್ಟು ಸೀಲೆಂಟ್ ಮೆತ್ತುತ್ತಾನೆ, ಮುಂದಿನ ಮಳೆಗೆ ನೀರು ಮತ್ತೆ ಹಾಜರ್. ಆದರೆ ಆ ನೀರಿನ ದಾರಿ ಎಷ್ಟೋ ಸಲ ಕಾರು ಹುಟ್ಟೋಕೆ ಮುಂಚೆಯೇ, ಯಾವುದೋ ಕಂಪನಿಯ ಲೆಕ್ಕದ ಪುಸ್ತಕದಲ್ಲಿ ತೆರೆದುಕೊಂಡಿರುತ್ತೆ. ಇದಕ್ಕೆ ಒಂದು ಇತಿಹಾಸ ಇದೆ. ಅದರ ಒಂದು ಮುಖ್ಯ ಅಧ್ಯಾಯ ನಡೆದಿದ್ದು ಹೆಬ್ಬಗೋಡಿಗೆ ತಾಗಿಕೊಂಡೇ ಇರುವ ಬೊಮ್ಮಸಂದ್ರದಲ್ಲಿ.

ಆದರೆ ಶುರು ಮಾಡಬೇಕಾದ್ದು ಇಂಗ್ಲೆಂಡಿನಿಂದ. 1953ರಲ್ಲಿ ಅಲ್ಲಿನ ಬಿಎಂಸಿ ಎಂಬ ದೊಡ್ಡ ಕಾರು ಕಂಪನಿ ಫಿಶರ್ ಅಂಡ್ ಲಡ್ಲೊ ಅನ್ನೋ ಕಾರ್ಖಾನೆಯನ್ನ ಕೊಂಡುಕೊಂಡಿತು. ಕಾರುಗಳ ತಗಡಿನ ಮೈ ಒತ್ತಿಕೊಡೋದು ಆ ಕಾರ್ಖಾನೆಯ ಕೆಲಸ. ಅದರ ಗಿರಾಕಿಗಳಲ್ಲಿ ಒಬ್ಬರಾಗಿದ್ದ ಸ್ಟ್ಯಾಂಡರ್ಡ್-ಟ್ರಯಂಫ್‌ನವರಿಗೆ ಇದರಿಂದ ಫಜೀತಿ. ಪ್ರತಿಸ್ಪರ್ಧಿಯ ಮನೆಯಿಂದ ತಮ್ಮ ಹೊಸ ಕಾರಿನ ಇಡೀ ಮೈ ಬರೋ ಹಾಗಿಲ್ಲ. ಹಾಗಾಗಿ ಅವರು ಹಳೇ ಪದ್ಧತಿಯ ಚಾಸಿಸ್ ಮಾಡಿ, ಅದರ ಮೇಲೆ ಬೇರೆ ಬೇರೆ ಕಡೆ ತಯಾರಾದ ತುಂಡುಗಳನ್ನ ಬೋಲ್ಟ್ ಹಾಕಿ ಕೂರಿಸಿದರು. ಮಾಡು ಕೂಡ ಬಿಚ್ಚಬಹುದಾದ ತುಂಡೇ. 1959ರಲ್ಲಿ ಬಂದ ಆ ಕಾರು ಟ್ರಯಂಫ್ ಹೆರಾಲ್ಡ್. 1961ರಿಂದ ಮದ್ರಾಸಿನಲ್ಲಿ ಅದೇ ಸ್ಟ್ಯಾಂಡರ್ಡ್ ಹೆರಾಲ್ಡ್.

ಮೆಕ್ಯಾನಿಕ್‌ಗಳಿಗೆ ಹೆರಾಲ್ಡ್ ಅಂದ್ರೆ ಪ್ರೀತಿ. ಬಾನೆಟ್ಟು, ಎರಡೂ ಮಡ್‌ಗಾರ್ಡು ಎಲ್ಲ ಸೇರಿ ಒಂದೇ ಸಲ ಮುಂದಕ್ಕೆ ಬಾಗುತ್ತೆ, ಇಂಜಿನ್ನು ತಟ್ಟೆಯಲ್ಲಿಟ್ಟ ಹಾಗೆ ಎದುರಿಗೆ. ಮಳೆಗೂ ಅದು ಅಷ್ಟೇ ಪ್ರೀತಿ. ಬೆಸುಗೆ ಇರಬೇಕಾದ ಕಡೆ ಬೋಲ್ಟು, ಬೋಲ್ಟಿನ ಸಾಲಿನುದ್ದಕ್ಕೂ ರಬ್ಬರ್ ಪಟ್ಟಿ. ರಸ್ತೆಯ ಗುಂಡಿಯಲ್ಲಿ ಕಾರಿನ ಮೈ ಸ್ವಲ್ಪ ಹೊರಳಿದರೂ ಪಟ್ಟಿ ಜಾಗ ಬಿಡುತ್ತೆ. ಒಳಗೆ ಬಂದ ನೀರು ಮ್ಯಾಟಿನ ಕೆಳಗೆ ಕೂತು ತಗಡನ್ನ ಒಳಗಿಂದಲೇ ತಿನ್ನೋಕೆ ಶುರು ಮಾಡುತ್ತೆ. ಸೋರಿಕೆ ಅನ್ನೋದು ಬರೀ ಕಿರಿಕಿರಿ, ಕಾರಿನ ರಚನೆಯ ದೋಷ ಬೇರೆ ವಿಷಯ ಅಂತ ನಾವು ಅಂದುಕೊಂಡಿರ್ತೀವಿ. ತಗಡಿನ ಕಾರಿನಲ್ಲಿ ಅವೆರಡರ ಮಧ್ಯೆ ಇರೋದು ನಾಲ್ಕೈದು ಮಳೆಗಾಲದ ಅಂತರ ಅಷ್ಟೇ.

ಆಗಿನ ಮಾಲೀಕರು ಎಲ್ಲಿಗೆ ಹೋಗಬೇಕಿತ್ತು? ಮಾರುಕಟ್ಟೆಯಲ್ಲಿ ಇದ್ದಿದ್ದು ಅಂಬಾಸಡರ್, ಫಿಯಟ್, ಹೆರಾಲ್ಡ್. ಬುಕ್ ಮಾಡಿ ವರ್ಷಗಟ್ಟಲೆ ಕಾಯಬೇಕು. ಇಷ್ಟು ಕಾದವನಿಗೆ ಕಾರು ಕೈಗೆ ಬಂದಿದ್ದೇ ಪುಣ್ಯ, ಬಾಗಿಲಲ್ಲಿ ನೀರು ಬಂದರೆ ಟವೆಲ್ ಹಾಸ್ಕೊಳ್ಳೋದು. ದೂರುಗಳು ಎಷ್ಟರ ಮಟ್ಟಿಗೆ ಹೋದವು ಅಂದ್ರೆ, ಕಾರುಗಳ ಗುಣಮಟ್ಟ ವಿಚಾರಿಸೋಕೆ ಕೇಂದ್ರ ಸರ್ಕಾರವೇ ಒಂದು ಸಮಿತಿ ಮಾಡಬೇಕಾಯಿತು. 1967ರ ಪಾಂಡೆ ಸಮಿತಿ ಅಂತ ಅದಕ್ಕೆ ಹೆಸರು. ಒಂದು ದೇಶದ ಸರ್ಕಾರ ತನ್ನಲ್ಲಿ ಮಾರಾಟವಾಗುವ ಮೂರೇ ಮೂರು ಕಾರು ಯಾಕೆ ಸರಿಯಿಲ್ಲ ಅಂತ ಸಮಿತಿ ಕೂರಿಸಿತು ಅಂದ್ರೆ ಇವತ್ತಿಗೆ ತಮಾಷೆ ಅನ್ನಿಸಬಹುದು. ಆದರೆ ಗಿರಾಕಿಗೆ ಬೇರೆ ಅಂಗಡಿಗೆ ಹೋಗೋ ದಾರಿ ಇಲ್ಲದಾಗ ಉಳಿಯೋದು ಅರ್ಜಿ ಬರೆಯೋದೊಂದೇ.

ಬೆಂಗಳೂರು ಈ ಕಥೆಯೊಳಗೆ ಬರೋದು 1970ರ ದಶಕದಲ್ಲಿ, ಮೂರು ಚಕ್ರದ ಮೇಲೆ. ಸನ್‌ರೈಸ್ ಆಟೊಮೋಟಿವ್ ಇಂಡಸ್ಟ್ರೀಸ್ ಅನ್ನೋ ಇಲ್ಲಿನ ಕಂಪನಿ 'ಬಾದಲ್' ಅಂತ ಒಂದು ಪುಟ್ಟ ಕಾರು ತಂತು. ಹಿಂದೆ 198 ಸಿಸಿ ಇಂಜಿನ್, ಮೈಯೆಲ್ಲ ಫೈಬರ್. ಮುಂದೆ ಅದೇ ಸಂಸ್ಥೆ ಸಿಪಾನಿ ಆಟೊಮೊಬೈಲ್ಸ್ ಆಗಿ, 1982ರಲ್ಲಿ ಬ್ರಿಟನ್ನಿನ ರಿಲಯಂಟ್ ಕಿಟನ್ ಕಾರನ್ನ 'ಡಾಲ್ಫಿನ್' ಅನ್ನೋ ಹೆಸರಲ್ಲಿ ಇಲ್ಲಿ ತಯಾರಿಸಿತು. 848 ಸಿಸಿ ಇಂಜಿನ್, ಎರಡು ಬಾಗಿಲು, ಮತ್ತೆ ಫೈಬರ್ ಮೈ. ಬಾದಲ್ ಅಂದ್ರೆ ಹಿಂದಿಯಲ್ಲಿ ಮೋಡ, ಡಾಲ್ಫಿನ್ ನೀರಲ್ಲೇ ಇರೋ ಪ್ರಾಣಿ. ಹೆಸರಿಡೋರಿಗೆ ಮುಂದಾಗೋದರ ಸೂಚನೆ ಏನಾದ್ರೂ ಇತ್ತಾ ಅಂತ ನನಗೆ ಗುಮಾನಿ.

ಯಾಕೆ ಫೈಬರ್? ಹಗುರ ಅಂತಲೋ ತುಕ್ಕು ಹಿಡಿಯಲ್ಲ ಅಂತಲೋ ಜಾಹೀರಾತು ಹೇಳುತ್ತೆ, ಅದು ಸುಳ್ಳೂ ಅಲ್ಲ. ಆದರೆ ನಿಜವಾದ ಕಾರಣ ಅಚ್ಚು. ತಗಡನ್ನ ಕಾರಿನ ಬಾಗಿಲಿನ ಆಕಾರಕ್ಕೆ ಒತ್ತೋಕೆ ದೈತ್ಯ ಪ್ರೆಸ್ಸು ಬೇಕು, ಉಕ್ಕಿನ ಅಚ್ಚು ಬೇಕು. ಆ ಖರ್ಚು ಹುಟ್ಟಬೇಕಾದ್ರೆ ವರ್ಷಕ್ಕೆ ಸಾವಿರ ಸಾವಿರ ಕಾರು ಮಾರಬೇಕು. ಫೈಬರಿಗೆ ಒಂದು ಅಗ್ಗದ ಅಚ್ಚು, ಗಾಜಿನ ನಾರಿನ ಚಾಪೆ, ರೆಸಿನ್ನು, ಬ್ರಶ್ಶು, ಕೆಲಸ ಬಲ್ಲ ಕೈ ಇದ್ದರೆ ಸಾಕು. ನಮ್ಮೂರಿನ ನೀರಿನ ಟ್ಯಾಂಕು, ಗಣೇಶನ ಮಂಟಪದ ಅಲಂಕಾರ ಎಲ್ಲ ಇದೇ ವಿದ್ಯೆ. ಸಮಸ್ಯೆ ಏನಂದ್ರೆ ಕೈಯಲ್ಲಿ ಮೆತ್ತಿದ ಫೈಬರ್ ಒಂದು ಕಡೆ ಮೂರು ಮಿಲಿಮೀಟರ್ ದಪ್ಪ ಆದ್ರೆ ಇನ್ನೊಂದು ಕಡೆ ನಾಲ್ಕು. ಸೋಮವಾರದ ಬಾಗಿಲು ಶುಕ್ರವಾರದ ಚೌಕಟ್ಟಿಗೆ ಹಾಗೇ ಕೂರಲ್ಲ. ಬಾಗಿಲ ಸಂದು ಕಾರಿಂದ ಕಾರಿಗೆ ಬೇರೆ, ಬೀಡಿಂಗ್ ಮಾತ್ರ ಎಲ್ಲಕ್ಕೂ ಒಂದೇ ಅಳತೆ. ಸಂದು ದೊಡ್ಡದಾದ ಕಡೆ ನೀರಿಗೆ ಸ್ವಾಗತ. ಬ್ರಿಟನ್ನಿನ ಫೈಬರ್ ಸ್ಪೋರ್ಟ್ಸ್ ಕಾರುಗಳ ಸೋರಿಕೆ ಗಾದೆಯ ಮಾತಾಗಿದ್ದೂ ಇದೇ ಕಾರಣಕ್ಕೆ.

1983ರ ಡಿಸೆಂಬರ್ 14ರಂದು ಮೊದಲ ಮಾರುತಿ 800ರ ಬೀಗದ ಕೈ ಗಿರಾಕಿಯ ಕೈಗೆ ಹೋಯಿತು. ಒತ್ತಿದ ತಗಡು, ಸಾಲಾಗಿ ಬೆಸುಗೆ, ಬೆಸುಗೆಯ ಮೇಲೆ ಸೀಲೆಂಟ್, ನಾಲ್ಕು ಬಾಗಿಲು. ಡಾಲ್ಫಿನ್ ರ‍್ಯಾಲಿಗಳಲ್ಲಿ ಒಳ್ಳೇ ಹೆಸರು ಮಾಡಿತ್ತು, ಆದರೆ ಸಂಸಾರಸ್ಥರ ಕಾರಾಗಿ ಇದರ ಎದುರು ನಿಲ್ಲಲಿಲ್ಲ. ಸರ್ಕಾರದ ಬೆಂಬಲ, ಸುಜುಕಿಯ ಪ್ರೆಸ್ಸು ಎರಡೂ ಇರೋರ ಎದುರು ಬೆಂಗಳೂರಿನ ರೆಸಿನ್ ಬ್ರಶ್ಶು ಏನು ಮಾಡೀತು? ನನಗಂತೂ ಸಿಪಾನಿಯವರ ಮೇಲೆ ನಗೋಕೆ ಮನಸ್ಸು ಬರಲ್ಲ.

ಈಗ ಬೊಮ್ಮಸಂದ್ರ. 1994ರಲ್ಲಿ ಬೆಂಗಳೂರಿನ ಮೈನಿ ಸಮೂಹ ಮತ್ತು ಅಮೆರಿಕದ ಅಮೆರಿಗಾನ್ ಸೇರಿ ರೇವಾ ಕಂಪನಿ ಕಟ್ಟಿದವು. ಚೇತನ್ ಮೈನಿ ಅದರ ಮುಖ. 2001ರಲ್ಲಿ ಕಾರು ರಸ್ತೆಗಿಳಿಯಿತು. ಎರಡೂವರೆ ಮೀಟರಿಗಿಂತ ಸ್ವಲ್ಪ ಉದ್ದ, ಮುಂದಿನ ಸೀಟಿನ ಕೆಳಗೆ ಆರು ವೋಲ್ಟಿನ ಎಂಟು ಲೆಡ್-ಆಸಿಡ್ ಬ್ಯಾಟರಿ, ಒಳಗೆ ದೊಡ್ಡವರಿಬ್ಬರು, ಹಿಂದೆ ಮಕ್ಕಳಿಬ್ಬರು. ಉಕ್ಕಿನ ಕೊಳವೆಗಳ ಪಂಜರಕ್ಕೆ ಎಬಿಎಸ್ ಪ್ಲಾಸ್ಟಿಕ್ಕಿನ ಮೈ ತೊಡಿಸಿದ್ದರು. ಫೈಬರಿಗಿಂತ ಅಳತೆ ಕರಾರುವಾಕ್ಕು, ಸಣ್ಣಪುಟ್ಟ ಗುದ್ದಿಗೆ ತಗ್ಗು ಬೀಳಲ್ಲ.

ಆದರೆ ಪ್ಲಾಸ್ಟಿಕ್ಕಿಗೆ ಬಿಸಿಲು ಅಂದ್ರೆ ಬೇರೆಯೇ ಲೆಕ್ಕ. ಒಂದು ಮೀಟರ್ ಉದ್ದದ ಉಕ್ಕು 30 ಡಿಗ್ರಿ ಬಿಸಿಯಾದ್ರೆ ಮಿಲಿಮೀಟರಿನ ಮೂರನೇ ಒಂದು ಭಾಗದಷ್ಟು ಹಿಗ್ಗುತ್ತೆ. ಅಷ್ಟೇ ಉದ್ದದ ಎಬಿಎಸ್ ಎರಡು ಮಿಲಿಮೀಟರಿಗಿಂತ ಹೆಚ್ಚು ಹಿಗ್ಗುತ್ತೆ. ಮಧ್ಯಾಹ್ನದ ಬಿಸಿಲಲ್ಲಿ ನಿಂತ ಕಾರಿನ ಮೈ ಒಂದು ಲೆಕ್ಕದಲ್ಲಿ ಹಿಗ್ಗುತ್ತೆ, ಒಳಗಿನ ಪಂಜರ ಇನ್ನೊಂದು ಲೆಕ್ಕದಲ್ಲಿ. ಐದು ಗಂಟೆಗೆ ಮಳೆ ಸುರಿದು ಎರಡೂ ಬೇರೆ ಬೇರೆ ವೇಗದಲ್ಲಿ ಕುಗ್ಗುತ್ತವೆ. ಈ ಎಳೆದಾಟವನ್ನ ದಿನಾ ತಡೆದುಕೊಳ್ಳಬೇಕಾದ್ದು ಮಧ್ಯದ ಕ್ಲಿಪ್ಪು, ರಬ್ಬರು, ಸೀಲೆಂಟು. ಪ್ಲಾಸ್ಟಿಕ್ ಮೈಯ ಯಾವುದೇ ಕಾರಿನ ಎಂಜಿನಿಯರನ್ನ ಕೇಳಿ, ಅವನಿಗೆ ನಿದ್ದೆ ಕೆಡಿಸೋದು ಈ ಎರಡು ಮಿಲಿಮೀಟರ್.

ಮತ್ತೆ ಅದೇ ಪ್ರಶ್ನೆ, ಯಾಕೆ ಪ್ಲಾಸ್ಟಿಕ್? ಮತ್ತೆ ಅದೇ ಉತ್ತರ. ರೇವಾ ತನ್ನ ಹತ್ತು ವರ್ಷದಲ್ಲಿ ಜಗತ್ತಿನಾದ್ಯಂತ ಮಾರಿದ್ದು ನಾಲ್ಕು ಸಾವಿರದ ಆಸುಪಾಸು. ಅಷ್ಟಕ್ಕೆ ತಗಡಿನ ಪ್ರೆಸ್ ಸಾಲು ಹಾಕೋಕಾಗಲ್ಲ.

ಅದರಲ್ಲಿ ಸಾವಿರಕ್ಕೂ ಹೆಚ್ಚು ಹೋಗಿದ್ದು ಬ್ರಿಟನ್ನಿಗೆ, ಬಹುಪಾಲು ಲಂಡನ್ನಿಗೆ. 2004ರಿಂದ ಅಲ್ಲಿ ಅದರ ಹೆಸರು ಜಿ-ವಿಜ್. ನಗರದ ನಡುವೆ ಕಾರು ಒಯ್ಯೋರು ಕಟ್ಟಬೇಕಿದ್ದ ದಟ್ಟಣೆ ಶುಲ್ಕ ಎಲೆಕ್ಟ್ರಿಕ್ ಕಾರಿಗೆ ಮಾಫಿ. ಆದರೆ ಯುರೋಪಿನ ಕಾನೂನಿನ ಕಣ್ಣಲ್ಲಿ ಅದು ಕಾರೇ ಅಲ್ಲ, 'ಕ್ವಾಡ್ರಿಸೈಕಲ್'. ಬ್ಯಾಟರಿ ಬಿಟ್ಟು 400 ಕಿಲೊದೊಳಗಿನ ತೂಕ, 15 ಕಿಲೊವ್ಯಾಟ್ ಒಳಗಿನ ಶಕ್ತಿ ಇದ್ದರೆ ಕಾರಿಗೆ ಕಡ್ಡಾಯವಾದ ಡಿಕ್ಕಿ ಪರೀಕ್ಷೆ ಬೇಕಿರಲಿಲ್ಲ. 2007ರಲ್ಲಿ 'ಟಾಪ್ ಗೇರ್' ಪತ್ರಿಕೆ ತಾನೇ ಗಂಟೆಗೆ 64 ಕಿ.ಮೀ. ವೇಗದಲ್ಲಿ ಡಿಕ್ಕಿ ಹೊಡೆಸಿ ನೋಡಿತು. ಒಳಗಿದ್ದವರಿಗೆ ಪ್ರಾಣಾಪಾಯ ಆಗ್ತಿತ್ತು ಅನ್ನೋದು ಅದರ ತೀರ್ಮಾನ. ಬ್ರಿಟಿಷ್ ಸಾರಿಗೆ ಇಲಾಖೆಯ ಪರೀಕ್ಷೆಯೂ ಕಳವಳ ಹುಟ್ಟಿಸಿತು. ಕಂಪನಿ ಮುಂದಿನ ಮಾದರಿಯಲ್ಲಿ ಪಂಜರ ಬಲಪಡಿಸಿ, ಮುಂದಿನ ಚಕ್ರಕ್ಕೆ ಡಿಸ್ಕ್ ಬ್ರೇಕ್ ಹಾಕಿತು. 2010ರಲ್ಲಿ ಲಂಡನ್ನಿನ ಒಂದು ಅಪಘಾತದಲ್ಲಿ ಜಿ-ವಿಜ್ ಓಡಿಸುತ್ತಿದ್ದ ಮಹಿಳೆ ತೀರಿಕೊಂಡರು. ಅದೇ ವರ್ಷ ಮಹೀಂದ್ರ ರೇವಾದ ಹೆಚ್ಚಿನ ಪಾಲು ಕೊಂಡಿತು.

ರೇವಾವನ್ನ ಅಣಕಿಸೋದು ಸುಲಭ. ಇಂಗ್ಲಿಷ್ ಪತ್ರಕರ್ತರು ಆ ಕೆಲಸವನ್ನ ಬೇಕಾದಷ್ಟು ಮಾಡಿದ್ದಾರೆ. ಆದರೆ 2014ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಭಾರತದ ಜನಪ್ರಿಯ ಸಣ್ಣ ಕಾರುಗಳನ್ನ ಅದೇ 64ರ ವೇಗದಲ್ಲಿ ಗುದ್ದಿಸಿದಾಗ, ಲಕ್ಷಗಟ್ಟಲೆ ಮಾರಾಟವಾಗ್ತಿದ್ದ ಆಲ್ಟೊ 800 ಸೇರಿ ಐದಕ್ಕೈದೂ ಸೊನ್ನೆ ನಕ್ಷತ್ರ ಪಡೆದವು. ಪ್ರೆಸ್ಸೂ ಇತ್ತು, ತಗಡೂ ಇತ್ತು, ಮಾರಾಟವೂ ಇತ್ತು. ಅಲ್ಲಿ ಬಡತನದ ನೆಪ ಹೇಳೋ ಹಾಗಿರಲಿಲ್ಲ.

ಈ ಮಧ್ಯೆ ಕಾನೂನು ಆಮೆಗಾಲಲ್ಲಿ ಬಂತು. 1986ರ ಗ್ರಾಹಕ ರಕ್ಷಣಾ ಕಾಯ್ದೆ ಮಾಲೀಕನಿಗೆ ಒಂದು ಕಟಕಟೆ ಕೊಟ್ಟಿತು. ಆದರೆ ನೋಡಿದರೆ ಗೊತ್ತಾಗದ ದೋಷವಿದ್ದರೆ ಪ್ರಯೋಗಾಲಯಕ್ಕೆ ಕಳಿಸಿ ವರದಿ ತರಿಸಬೇಕು ಅಂತಲೂ ಹೇಳಿತು. ಸೋರಿಕೆಯ ಮಟ್ಟಿಗೆ ಇದು ದೊಡ್ಡ ತೊಡಕು. ಮಳೆ ಬಂದಾಗ ಮಾತ್ರ ಬರೋ ಕಾಯಿಲೆ ಅದು. ನೀರು ಮಾಡಿನ ಮೂಲೆಯಲ್ಲಿ ನುಗ್ಗಿ, ಕಂಬದೊಳಗೆ ಇಳಿದು, ಡ್ರೈವರಿನ ಕಾಲ ಬಳಿ ಕಾಣಿಸಿಕೊಳ್ಳುತ್ತೆ. 'ವಾಷಿಂಗ್ ಮಾಡಿಸಿದಾಗ ಹೋಗಿರಬೇಕು ಸರ್' ಅಂದ್ರೆ ಅಲ್ಲಗಳೆಯೋದು ಹೇಗೆ? ಅದರ ಮೇಲೆ 2006ರಲ್ಲಿ ಸುಪ್ರೀಂ ಕೋರ್ಟು ಮಾರುತಿಯ ಒಂದು ಪ್ರಕರಣದಲ್ಲಿ, ವಾರಂಟಿ ಹೇಳೋದು ಕೆಟ್ಟ ಭಾಗ ಬದಲಾಯಿಸೋಕೆ, ಇಡೀ ಕಾರು ಬದಲಾಯಿಸೋಕಲ್ಲ ಅಂತ ಅಂದಿತು. ಸೋರೋ ಕಾರಿನಲ್ಲಿ 'ಕೆಟ್ಟ ಭಾಗ' ಯಾವುದು? ಎರಡು ಒಳ್ಳೇ ಭಾಗಗಳ ಮಧ್ಯದ ಸಂದು!

2012ರಲ್ಲಿ ಕಾರು ತಯಾರಕರ ಸಂಘ ತಾನಾಗಿಯೇ ಒಂದು ರಿಕಾಲ್ ಸಂಹಿತೆ ಮಾಡಿಕೊಂಡಿತು. ಕಡ್ಡಾಯದ ಕಾನೂನು ಬಂದಿದ್ದು 2019ರ ಮೋಟಾರು ವಾಹನ ತಿದ್ದುಪಡಿಯಲ್ಲಿ, ಜಾರಿಯಾಗಿದ್ದು 2021ರ ಏಪ್ರಿಲ್ 1ರಿಂದ. ಏಳು ವರ್ಷದೊಳಗಿನ ಗಾಡಿ, ಮಾರಾಟದ ಸಂಖ್ಯೆಗೆ ತಕ್ಕಷ್ಟು ದೂರು ಬಂದರೆ ಸರ್ಕಾರ ವಾಪಸ್ ಕರೆಸಬಹುದು. ದಂಡ ಒಂದು ಕೋಟಿವರೆಗೆ. ಆದರೆ ದೋಷ ಪರಿಸರಕ್ಕೋ, ಗಾಡಿಯಲ್ಲಿರೋರಿಗೋ, ರಸ್ತೆಯ ಬೇರೆಯವರಿಗೋ ಹಾನಿ ಮಾಡೋ ಅಂಥದ್ದಾಗಿರಬೇಕು. ಒದ್ದೆ ಮ್ಯಾಟು ಈ ಜರಡಿ ದಾಟೋದು ಕಷ್ಟ. ಹೆರಾಲ್ಡ್ ಕಾಲದಲ್ಲಿ ಅದು ಸರಿಯೂ ಇತ್ತೇನೊ. ಇವತ್ತಿನ ಕಾರಿನಲ್ಲಿ ಮ್ಯಾಟಿನ ಕೆಳಗೆ, ಸೀಟಿನ ಅಡಿಯಲ್ಲಿ ವೈರು, ಕನೆಕ್ಟರು ಹರಿದಿರುತ್ತವೆ, ಏರ್‌ಬ್ಯಾಗಿನದೂ ಸೇರಿ. ಎಲೆಕ್ಟ್ರಿಕ್ ಕಾರಿನ ಬ್ಯಾಟರಿ ಪೆಟ್ಟಿಗೆಗೆ ಐಪಿ67 ಅಂದ್ರೆ ಒಂದು ಮೀಟರ್ ನೀರಲ್ಲಿ ಅರ್ಧ ಗಂಟೆ ತಡೆಯುತ್ತೆ ಅನ್ನೋ ಭರವಸೆ ಇರುತ್ತೆ. ಕ್ಯಾಬಿನ್ನಿನ ಕನೆಕ್ಟರಿಗೆ ಆ ಭಾಗ್ಯ ಇಲ್ಲ, ಅಲ್ಲಿಗೆ ನೀರು ಬರೋದೇ ಇಲ್ಲ ಅನ್ನೋ ನಂಬಿಕೆಯ ಮೇಲೆ ಅದನ್ನ ಕೂರಿಸಿರ್ತಾರೆ.

2023ರ ಆರಂಭದಲ್ಲಿ ಒಬ್ಬರು ತಮ್ಮ ಸ್ಕಾರ್ಪಿಯೊ-ಎನ್ ಅನ್ನು ಬೆಟ್ಟದ ಝರಿಯ ಕೆಳಗೆ ನಿಲ್ಲಿಸಿದ ವಿಡಿಯೊ ನೀವೂ ನೋಡಿರಬಹುದು. ಸನ್‌ರೂಫಿನ ಹತ್ತಿರದಿಂದ ಒಳಗೆ ನೀರು ಸುರೀತಿತ್ತು. ಮಹೀಂದ್ರದವರು ಅದೇ ಝರಿಗೆ ಇನ್ನೊಂದು ಕಾರು ಒಯ್ದು, ಒಂದು ಹನಿಯೂ ಬರದ ವಿಡಿಯೊ ಹಾಕಿದರು. ಯಾರು ಸರಿ ಅಂತ ಜಗಳ ಜೋರಾಗಿ ನಡೀತು. ಸನ್‌ರೂಫ್ ಹೇಗೆ ಕೆಲಸ ಮಾಡುತ್ತೆ ಅನ್ನೋದು ಆ ಗದ್ದಲದಲ್ಲಿ ಹೆಚ್ಚು ಜನರ ಕಿವಿಗೆ ಬೀಳಲಿಲ್ಲ. ಅದರ ರಬ್ಬರ್ ಎಲ್ಲ ನೀರನ್ನೂ ತಡೆಯೋಕೆ ಇರೋದಲ್ಲ. ಸ್ವಲ್ಪ ನೀರು ಒಳಬರುತ್ತೆ ಅಂತಲೇ ಅದರ ಕೆಳಗೆ ಸುತ್ತಲೂ ಒಂದು ಕಾಲುವೆ, ಮೂಲೆಗಳಲ್ಲಿ ಬೆರಳಿಗಿಂತ ಸಣ್ಣ ಕೊಳವೆ. ಕೊಳವೆಗಳು ಕಾರಿನ ಕಂಬದೊಳಗಿಂದ ಇಳಿದು ಹೊರಗೆ ನೀರು ಬಿಡುತ್ತವೆ. ಹೊಂಗೆ ಹೂವು, ಗುಲ್‌ಮೊಹರಿನ ಎಲೆ, ಹೊಸೂರು ರಸ್ತೆಯ ಧೂಳು ಆ ಕೊಳವೆಯಲ್ಲಿ ಕೂತ್ರೆ ಕಾಲುವೆ ತುಂಬುತ್ತೆ, ತುಂಬಿದ್ದು ನಿಮ್ಮ ನೆತ್ತಿಗೆ. ಮುಂದಿನ ಗಾಜಿನ ಬುಡದ ಜಾಲರಿಯ ಕೆಳಗಿನ ತೂತಿಗೂ, ಬಾಗಿಲ ಅಡಿಯ ತೂತಿಗೂ ಇದೇ ಮಾತು. ತುಕ್ಕು ತಡೆಯೋಕೆ ಅಂತ ನಾವೇ ದುಡ್ಡು ಕೊಟ್ಟು ಮಾಡಿಸುವ ಕೋಟಿಂಗ್ ಎಷ್ಟೋ ಸಲ ಬಾಗಿಲಡಿಯ ತೂತನ್ನ ಮುಚ್ಚಿಬಿಡುತ್ತೆ.

ಆದ್ದರಿಂದ ಮೇ ತಿಂಗಳಲ್ಲಿ ಸನ್‌ರೂಫ್ ತೆರೆದು ಮೂಲೆಗಳಿಗೆ ಒಂದೊಂದು ಲೋಟ ನೀರು ಹಾಕಿ ನೋಡಿ. ಕಾರಿನ ಕೆಳಗೆ ಇಳಿದ್ರೆ ಸರಿ. ಇಳಿಯದಿದ್ರೆ ಕೊಳವೆಗೆ ತಂತಿ ತುರುಕೋ ಸಾಹಸ ಬೇಡ, ಒಳಗೇ ಕಳಚಿಕೊಂಡ್ರೆ ಇನ್ನೂ ಕಷ್ಟ. ಸರ್ವಿಸಿಗೆ ಕೊಡುವಾಗ 'ಜನರಲ್ ಚೆಕಪ್' ಅಂತ ಬರೆಸಬೇಡಿ. ನೀರು ಎಲ್ಲಿ, ಯಾವ ತಾರೀಕಿನ ಮಳೆಯಲ್ಲಿ, ಎಷ್ಟನೇ ಸಲ ಬಂತು ಅನ್ನೋದನ್ನ ಜಾಬ್ ಕಾರ್ಡಿನಲ್ಲೇ ಬರೆಸಿ, ಪ್ರತಿ ಇಟ್ಟುಕೊಳ್ಳಿ. ಗ್ರಾಹಕರ ಆಯೋಗದಲ್ಲಿ ಮಳೆಯನ್ನ ಸಾಕ್ಷಿಗೆ ಕರೆಯೋಕಾಗಲ್ಲ, ಆ ಹಾಳೆಯನ್ನ ಕರೆಯಬಹುದು.