ಗಣಿ ಮುಗಿದ ನೆಲದ ಹಸಿರು

ನೆಲವನ್ನು ಅಗೆದು ಅದಿರು ತೆಗೆದ ತರುವಾಯ ಅಲ್ಲಿ ಮತ್ತೆ ಹಸಿರು ಮೂಡಿತೆಂದರೆ ನಾವೆಲ್ಲರೂ ಸಂತೋಷಪಡುತ್ತೇವೆ. ಅದು ಸಹಜವೇ. ಆದರೆ ಈಗ ಮೂಡಿದ ಹಸಿರು ಯಾವುದು, ಮೊದಲು ಅಲ್ಲಿದ್ದುದು ಯಾವುದು ಎಂದು ಕೇಳುವ ವಾಡಿಕೆ ಬಹಳ ಹಳೆಯದಲ್ಲ. ಆ ಪ್ರಶ್ನೆ ಹೇಗೆ ಬೆಳೆದು ಬಂದಿತು, ನಮ್ಮ ಕೊಲ್ಹಾಪುರ ಸೀಮೆಗೆ ಅದು ಏಕೆ ಬೇಕು ಎಂಬುದನ್ನು ಇಲ್ಲಿ ವಿಚಾರ ಮಾಡೋಣ.

ಕಥೆಯು ಕಲ್ಲಿದ್ದಲಿನ ನಾಡುಗಳಿಂದ ಮೊದಲಾಗುತ್ತದೆ. ವೇಲ್ಸ್ ದೇಶದ ಅಬರ್‌ಫಾನ್ ಎಂಬ ಹಳ್ಳಿಯ ಮೇಲುಗಡೆ ಗಣಿಯ ತ್ಯಾಜ್ಯವನ್ನು ಸುರಿದು ಗುಡ್ಡೆಗಳನ್ನು ಮಾಡಿದ್ದರು. 1966ನೆಯ ಇಸವಿಯ ಅಕ್ಟೋಬರ 21ರಂದು ಅವುಗಳಲ್ಲೊಂದು ಜಾರಿ ಶಾಲೆಯ ಮೇಲೆ ಬಿದ್ದಿತು. 144 ಜನ ಸತ್ತರು. ಅವರಲ್ಲಿ 116 ಮಂದಿ ಮಕ್ಕಳು. ಗಣಿಯವರು ಬಿಟ್ಟುಹೋದ ನೆಲವು ಯಾರ ಹೊಣೆ ಎಂಬ ಮಾತು ಆಮೇಲೆ ಬಲವಾಯಿತು. ಇಂಥ ಗುಡ್ಡೆಗಳ ಭದ್ರತೆಗೆಂದೇ ಬ್ರಿಟನ್ನಿನಲ್ಲಿ 1969ರಲ್ಲಿ ಕಾನೂನಾಯಿತು. ಅಮೇರಿಕದವರು 1977ರಲ್ಲಿ ಮಾಡಿದ ಕಾನೂನು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಕಲ್ಲಿದ್ದಲು ತೆಗೆಯುವವನು ಮೊದಲೇ ಜಾಮೀನು ಹಣವಿಡಬೇಕು. ನೆಲವನ್ನು ಸರಿಪಡಿಸಿ ಕೊನೆಯ ಬಿತ್ತನೆ ಮಾಡಿದಂದಿನಿಂದ ಐದು ವರ್ಷ ಅಲ್ಲಿಯ ಸಸ್ಯಗಳ ಹೊಣೆ ಅವನದೇ. ವರ್ಷಕ್ಕೆ 26 ಅಂಗುಲ ಅಥವಾ ಅದಕ್ಕೂ ಕಡಿಮೆ ಮಳೆ ಬೀಳುವ ಕಡೆ ಹತ್ತು ವರ್ಷ. ಹುಲ್ಲು ಮೊಳೆಯಿತೆಂದರೆ ಸಾಲದು, ಬೇಸಗೆಗಳನ್ನು ದಾಟಿ ನಿಂತಿತೆಂದು ತೋರಿಸಬೇಕು. ಈ ಕಾಲಾವಧಿಯ ನಿಯಮವು ನಮಗೆ ಬಹಳ ವಿವೇಕದ್ದೆಂದು ತೋರುತ್ತದೆ.

ತೋರಿಸುವುದೆಂದರೆ ಎಣಿಸುವುದು. ಎಣಿಕೆಯ ಉಪಾಯವು ಅದಕ್ಕೂ ಹಿಂದಿನದು. 1898ರಲ್ಲಿ ನೆಬ್ರಾಸ್ಕದ ರಾಸ್ಕೋ ಪೌಂಡ್ ಮತ್ತು ಫ್ರೆಡರಿಕ್ ಕ್ಲೆಮೆಂಟ್ಸ್ ಎಂಬವರು ನೆಲದ ಮೇಲೆ ಚೌಕವೊಂದನ್ನು ಅಳೆದು, ಅದರೊಳಗಿನ ಒಂದೊಂದು ಗಿಡವನ್ನೂ ಎಣಿಸಿ ಬರೆದುಕೊಳ್ಳುವ ಪದ್ಧತಿಯನ್ನು ರೂಢಿಗೆ ತಂದರು. (ಈ ಪೌಂಡರೇ ಮುಂದೆ ಹಾರ್ವರ್ಡಿನ ಕಾನೂನು ಶಾಲೆಯ ಮುಖ್ಯಸ್ಥರಾದರು. ಗಿಡ ಎಣಿಸಿದವರು ನ್ಯಾಯಶಾಸ್ತ್ರಕ್ಕೆ ಹೋದದ್ದು ವಿನೋದವೆನಿಸಿದರೂ ಎರಡಕ್ಕೂ ಸಾಕ್ಷ್ಯವೇ ಆಧಾರವಲ್ಲವೆ?) 1972ರಲ್ಲಿ ಲ್ಯಾಂಡ್‌ಸ್ಯಾಟ್ ಉಪಗ್ರಹವು ಮೇಲೇರಿದ ಮೇಲೆ ಆಕಾಶದಿಂದಲೇ ನೋಡುವ ಅನುಕೂಲವಾಯಿತು. ಜೀವವಿರುವ ಎಲೆಯು ಕೆಂಪು ಬೆಳಕನ್ನು ಹೀರಿ, ಕಣ್ಣಿಗೆ ಕಾಣದ ಅವಕೆಂಪು ಕಿರಣವನ್ನು ಹಿಂದಕ್ಕೆ ಎಸೆಯುತ್ತದೆ. ಆ ಎರಡರ ಅಂತರದಿಂದ ಹಸಿರನ್ನು ಲೆಕ್ಕ ಹಾಕುತ್ತಾರೆ. ನಮ್ಮ ದೇಶದ ತೆರೆದ ಕಲ್ಲಿದ್ದಲು ಗಣಿಗಳನ್ನು ರಾಂಚಿಯ ಕೇಂದ್ರ ಗಣಿ ಯೋಜನಾ ಸಂಸ್ಥೆಯು 2008ರಿಂದ ಹೀಗೆ ನೋಡುತ್ತ ಬಂದಿದೆ: ಕಲ್ಲಿದ್ದಲು, ಮೇಲಿನ ಮಣ್ಣುಕಲ್ಲು ಕೂಡಿ ವರ್ಷಕ್ಕೆ 50 ಲಕ್ಷ ಘನ ಮೀಟರಿಗಿಂತ ಹೆಚ್ಚು ಅಗೆಯುವ ಗಣಿಗಳನ್ನು ಪ್ರತಿವರ್ಷ, ಉಳಿದವನ್ನು ಮೂರು ವರ್ಷಕ್ಕೊಮ್ಮೆ.

ಕೊಲ್ಹಾಪುರದಲ್ಲಿ ಕಲ್ಲಿದ್ದಲಿಲ್ಲ. ಇಲ್ಲಿರುವುದು ಬಾಕ್ಸೈಟು. ರಾಧಾನಗರಿ, ಶಾಹೂವಾಡಿ, ಚಂದಗಡ ತಾಲೂಕುಗಳ ಘಟ್ಟದ ನೆತ್ತಿಯ ಮೇಲೆ, ಕರಿಕಲ್ಲಿನ ಮೇಲ್ಗಡೆ, ಜಂಬಿಟ್ಟಿಗೆಯ ಗಟ್ಟಿ ಹೊದಿಕೆಯುಂಟು. ನಮ್ಮ ಮರಾಠಿ ನೆರೆಯವರು ಈ ಕಲ್ಲನ್ನು ಜಾಂಭಾ ಎಂದೂ ಆ ಬಯಲನ್ನು ಸಡಾ ಎಂದೂ ಕರೆಯುತ್ತಾರೆ. ಬಾಕ್ಸೈಟು ಇರುವುದು ಆ ಹೊದಿಕೆಯಲ್ಲಿಯೇ. 1969ರಲ್ಲಿ ಆರಂಭವಾದ ಬೆಳಗಾವಿಯ ಅಲ್ಯುಮಿನಾ ಕಾರ್ಖಾನೆಗೆ ದುರ್ಗಮಾನವಾಡಿಯ ಗಣಿಯಿಂದ ಅದಿರು ಹೋಗಿದೆ. ನಮ್ಮ ಮನೆಗಳ ಎಷ್ಟೋ ಪಾತ್ರೆಗಳ ಮೂಲ ಇಂಥ ಕಲ್ಲು.

ಚೈತ್ರ ವೈಶಾಖಗಳಲ್ಲಿ ಸಡಾದ ಮೇಲೆ ನಿಂತವನಿಗೆ ಬರಿಯ ಸುಟ್ಟ ಬಂಡೆ ಕಾಣಿಸುತ್ತದೆ. ಬಂಜರೆಂದು ಬರೆದುಬಿಡಲು ಅಡ್ಡಿಯೇ ಇಲ್ಲ. ಮಿರುಗದ ಮಳೆ ಬಿದ್ದೊಡನೆ ಬಂಡೆಯ ಬಿರುಕುಗಳಲ್ಲಿ, ಅಂಗುಲದಷ್ಟೇ ಮಣ್ಣಿನಲ್ಲಿ, ನೀರು ನಿಲ್ಲುವ ಸಣ್ಣ ತಗ್ಗುಗಳಲ್ಲಿ ಜೀವ ಏಳುತ್ತದೆ. ಹುಳಗಳನ್ನು ಹಿಡಿದು ತಿನ್ನುವ ಯೂಟ್ರಿಕ್ಯುಲೇರಿಯ ನೀಲಿಯಾಗಿ ಹಾಸುತ್ತದೆ. ಇದಕ್ಕೆ ಮರಾಠಿಯಲ್ಲಿ ಸೀತೆಯ ಕಣ್ಣೀರು ಎಂಬರ್ಥದ ಹೆಸರಿದೆ. ಬಿಳಿಯ ಗುಂಡಿಯಂಥ ಹೂಗಳ ಎರಿಯೊಕಾಲನ್, ಹಳದಿಯ ಸ್ಮಿಥಿಯಾ, ಗಡ್ಡೆಯಲ್ಲಿ ಬೇಸಗೆ ಕಳೆದು ದೀಪದಂಥ ಹೂ ಬಿಡುವ ಸೆರೊಪೀಜಿಯ, ಎಲ್ಲಕ್ಕೂ ಮಿಗಿಲಾಗಿ ಗೌಳಿ ಧನಗರರ ಎಮ್ಮೆಗಳಿಗೆ ಬೇಕಾದ ಹುಲ್ಲು. ಭಾದ್ರಪದದಲ್ಲಿ ಹೂ, ದೀಪಾವಳಿಯ ಹೊತ್ತಿಗೆ ಬೀಜ ಚೆಲ್ಲಿ ಎಲ್ಲವೂ ಮಾಯ.

ಈ ಹೊದಿಕೆಯನ್ನು ಒಡೆದು ಅದಿರು ತೆಗೆದು, ಹಳ್ಳವನ್ನು ಸಡಿಲ ಮಣ್ಣಿನಿಂದ ತುಂಬಿದರೆ ನೆಲದ ಗುಣವೇ ಬದಲಾಗುತ್ತದೆ. ನೀರು ನಿಲ್ಲುವ ಬಂಡೆ ಹೋಗಿ ಬೇರಿಳಿಯುವ ಆಳವಾದ ಮಣ್ಣು ಬರುತ್ತದೆ. ಅಲ್ಲಿ ಅಕೇಶಿಯದಂಥ ಮರ ನೆಟ್ಟರೆ ಚೆನ್ನಾಗಿಯೇ ಬಂದೀತು. ಆಗ ಉಪಗ್ರಹದ ಬೇಸಗೆಯ ಚಿತ್ರದಲ್ಲಿ ಗಣಿಯ ಮುಂಚಿಗಿಂತ ಗಣಿಯ ತರುವಾಯವೇ ಹಸಿರು ಹೆಚ್ಚು! ಲೆಕ್ಕವು ಸುಳ್ಳಲ್ಲ, ಆದರೆ ಎಮ್ಮೆಗೆ ಹುಲ್ಲಿಲ್ಲ, ಸೆರೊಪೀಜಿಯಕ್ಕೆ ಬಂಡೆಯಿಲ್ಲ. 2005ರ ಡಿಸೆಂಬರ 31ರಂದು ಸರ್ವೋಚ್ಚ ನ್ಯಾಯಾಲಯದ ತೀರ್ಪಿನಂತೆ ಕಬ್ಬಿಣದ ಗಣಿ ನಿಂತ ಕುದುರೆಮುಖದಲ್ಲಿಯೂ ಇದೇ ತೊಡಕು. ಅಲ್ಲಿಯ ಗುಡ್ಡಗಳ ಸಹಜ ಉಡುಗೆ ಹುಲ್ಲು. ಕಣಿವೆಗಳಲ್ಲಿ ಮಾತ್ರ ಶೋಲಾ ಕಾಡು. ಹುಲ್ಲಿನ ಗುಡ್ಡದ ಮೇಲೆ ಹೊರನಾಡಿನ ಮರ ನಿಂತರೆ ಅದನ್ನು ಮರಳಿ ಬಂದ ಸಸ್ಯವೆನ್ನಲಾಗದು.

ಹಾಗಾದರೆ ಮರಳಿ ಬಂದುದನ್ನು ಗುರುತಿಸಲು ಹಿಂದಿನ ದಾಖಲೆ ಬೇಕು. ಕೊಲ್ಹಾಪುರದ ಭಾಗ್ಯವೆಂದರೆ ಅದು ಇದೆ. ವೃತ್ತಿಯಿಂದ ಇಂಜಿನಿಯರರಾಗಿ, ಪುಣೆಯ ವಿಜ್ಞಾನ ಕಾಲೇಜಿನ ಮುಖ್ಯಾಧ್ಯಾಪಕರಾಗಿದ್ದ ಥಿಯೋಡರ್ ಕುಕ್ ಅವರು ಮುಂಬಯಿ ಪ್ರಾಂತದ ಸಸ್ಯಕೋಶವನ್ನು 1901ರಿಂದ 1908ರ ವರೆಗೆ ಪ್ರಕಟಿಸಿದರು. ಧಾರವಾಡ, ಬೆಳಗಾವಿ, ಕಾರವಾರಗಳ ಗಿಡಗಳೂ ಅದರಲ್ಲುಂಟು. 1962ರಲ್ಲಿ ಸ್ಥಾಪನೆಯಾದ ಶಿವಾಜಿ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರ ವಿಭಾಗದ ಎಸ್. ಆರ್. ಯಾದವ್ ಅವರು ಎಂ. ಎಂ. ಸರದೇಸಾಯಿಯವರೊಡನೆ ಕೊಲ್ಹಾಪುರ ಜಿಲ್ಲೆಯ ಸಸ್ಯಕೋಶವನ್ನು 2002ರಲ್ಲಿ ಹೊರತಂದರು. ಅಪರೂಪದ ಸೆರೊಪೀಜಿಯಗಳನ್ನು ವಿಶ್ವವಿದ್ಯಾಲಯದ ತೋಟದಲ್ಲಿ ಬೆಳೆಸಿ ಉಳಿಸುವ ಕೆಲಸವನ್ನೂ ನಡೆಸಿದರು. ಊರಿಗೆ ಹಳೆಯ ಶಾಸನವಿದ್ದಂತೆ ನೆಲಕ್ಕೆ ಇಂಥ ಗ್ರಂಥ.

2020ರ ಜನವರಿ 8ರಂದು ಸರ್ವೋಚ್ಚ ನ್ಯಾಯಾಲಯವು, ಗಣಿ ಮುಗಿದ ನೆಲದಲ್ಲಿ ಮೇವು ಮೊದಲಾದುವು ಬೆಳೆಯುವಂತೆ ಮತ್ತೆ ಹುಲ್ಲು ಬೆಳೆಸಬೇಕೆಂಬ ನಿಬಂಧನೆಯನ್ನು ಗುತ್ತಿಗೆಗಳಲ್ಲಿ ಸೇರಿಸಬೇಕೆಂದು ಕೇಂದ್ರ ಸರಕಾರಕ್ಕೆ ಆಜ್ಞಾಪಿಸಿತು. ಮರದ ಮಾತಲ್ಲ, ಹುಲ್ಲಿನ ಮಾತು ಎಂಬುದನ್ನು ವಾಚಕರು ಗಮನಿಸಬೇಕು. ಅದು ನಡೆಯಿತೇ ಇಲ್ಲವೇ ಎಂದು ನೋಡಲು ದೊಡ್ಡ ಯಂತ್ರ ಬೇಡ. ನಾಲ್ಕು ಗೂಟ, ಒಂದು ಹಗ್ಗ, ಒಂದು ನೋಟುಬುಕ್ಕು. ಗಣಿಯ ನೆಲದಲ್ಲೊಂದು ಮೀಟರು ಚೌಕ, ಪಕ್ಕದ ಅಗೆಯದ ಸಡಾದಲ್ಲಿ ಇನ್ನೊಂದು. ಪ್ರತಿ ಸೆಪ್ಟೆಂಬರಿನಲ್ಲಿ ಅದೇ ಜಾಗಗಳಿಗೆ ಹೋಗಿ ಎಣಿಸಬೇಕು. ಮಾರ್ಚಿನಲ್ಲಿ ಹೋದವರಿಗೆ ಎರಡನೆಯ ಚೌಕದಲ್ಲಿ ಎಣಿಸಲು ಏನೂ ಸಿಕ್ಕುವುದಿಲ್ಲ.